ಕಾವಲೂ ಕಾಲುವೆಯೂ



ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಕಿಕ್ಕೇರಿಗೆ ಅನತಿದೂರದಲ್ಲಿರುವ ಗೋವಿಂದನಹಳ್ಳಿಯನ್ನು ಶಿಲ್ಪಕಲಾಪ್ರಿಯರು ಬಲ್ಲರು. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳರ ಆಳ್ವಿಕೆಯಲ್ಲಿ ನಿರ್ಮಿತವಾದ ಪಂಚಲಿಂಗೇಶ್ವರ ದೇವಾಲಯವು ಅಲ್ಲಿದೆ. ಒಂದೇ ಸಾಲಿನಲ್ಲಿ ಪೂರ್ವಾಭಿಮುಖವಾಗಿ ನಿಂತ ಐದು ಗರ್ಭಗೃಹಗಳಲ್ಲಿ ಈಶಾನ, ತತ್ಪುರುಷ, ಅಘೋರ, ವಾಮದೇವ, ಸದ್ಯೋಜಾತ ಎಂಬ ಶಿವನ ಐದು ಮುಖಗಳು ಲಿಂಗರೂಪದಿಂದ ಪ್ರತಿಷ್ಠಿತವಾಗಿವೆ. ಹೊಯ್ಸಳ ದೇವಾಲಯಗಳಲ್ಲಿ ಇಂಥ ಪಂಚಕೂಟವು ಅಪೂರ್ವವಾದುದು. ಆದರೆ ಈ ಹೊತ್ತು ನಾನು ಶಿಲ್ಪವನ್ನು ಕುರಿತು ಮಾತನಾಡಹೊರಟವನಲ್ಲ. ಅಂಥ ದೇವಾಲಯವೊಂದು ಒಂದು ಹಳ್ಳಿಯಲ್ಲಿ ಎದ್ದು ನಿಲ್ಲಬೇಕಾದರೆ ಅದಕ್ಕೆ ಮೊದಲು ಆ ನೆಲದಲ್ಲಿ ಕಾಡು ಕಡಿದಿರಬೇಕು, ಕೆರೆ ಕಟ್ಟಿರಬೇಕು, ತೂಬಿನ ಕೆಳಗೆ ಗದ್ದೆ ಬಿದ್ದಿರಬೇಕು, ದೇವರ ನೈವೇದ್ಯಕ್ಕೂ ಅರ್ಚಕನ ಜೀವಿತಕ್ಕೂ ಸಾಲುವಷ್ಟು ಧಾನ್ಯವು ವರ್ಷವರ್ಷವೂ ತಪ್ಪದೆ ಬೆಳೆಯುತ್ತಿರಬೇಕು. ಹಾಗೆ ಉಳುಮೆಗೆ ಬಂದ ನೆಲವು ಅದಕ್ಕೆ ಹಿಂದೆ ಯಾರ ದನ ಮೇಯುತ್ತಿದ್ದ ನೆಲ ಎಂಬ ಪ್ರಶ್ನೆಯನ್ನು ಮಾತ್ರ ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಆ ಪ್ರಶ್ನೆಯೇ ಇಂದಿನ ನನ್ನ ಭಾಷಣದ ವಿಷಯ.

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಪರಿಚಿತವಾಗಿರುತ್ತದೆ. ಶಾಸನವು ಮೊದಲು ಭೂಮಿಯ ಎಲ್ಲೆಗಳನ್ನು ಹೇಳುತ್ತದೆ: ಮೂಡಲಿಗೆ ಇಂಥ ಬಂಡೆ, ತೆಂಕಲಿಗೆ ಇಂಥ ಕೆರೆಯ ಕೋಡಿ, ಪಡುವಲಿಗೆ ಇಂಥ ಮರ, ಬಡಗಲಿಗೆ ಇಂಥ ಹುತ್ತ. ಬಳಿಕ ಆ ಭೂಮಿಯನ್ನು ಅಪಹರಿಸುವವನಿಗೆ ಶಾಪ ಬರುತ್ತದೆ. ಗಂಗೆಯ ತಡಿಯಲ್ಲಿ, ವಾರಣಾಸಿಯಲ್ಲಿ, ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಅವನು ಗುರಿಯಾಗುವನು ಎಂಬುದು ಆ ಶಾಪದ ಅತ್ಯಂತ ಸಾಮಾನ್ಯವಾದ ರೂಪ. ಹೊಲಕ್ಕೆ ಕಾವಲಾಗಿ ನಿಲ್ಲಿಸಿದ್ದು ಹಸುವಿನ ಹತ್ಯೆಯ ಭಯವನ್ನು. ಭೂಮಿಯೆಂಬ ಸಂಪತ್ತು, ಗೋವೆಂಬ ಸಂಪತ್ತು, ಇವೆರಡನ್ನೂ ನಮ್ಮ ಪೂರ್ವಿಕರು ಒಂದೇ ಕಲ್ಲಿನ ಮೇಲೆ ಒಂದನ್ನು ಮತ್ತೊಂದಕ್ಕೆ ಸಾಕ್ಷಿಯಾಗಿಟ್ಟು ಕೊರೆಯಿಸಿದರು. ಆದರೂ ಆ ಎರಡರ ನಡುವಣ ವೈಷಮ್ಯವು ಅವರ ಕಾಲದಲ್ಲಿಯೂ ಇದ್ದಿತು, ನಮ್ಮ ಕಾಲದಲ್ಲಿಯೂ ಇದೆ.

ಹೊಸ ನೆಲವನ್ನು ಉಳುಮೆಗೆ ತರುವಲ್ಲೆಲ್ಲ ಈ ವೈಷಮ್ಯವು ತಲೆದೋರುತ್ತದೆ. ಅಮೆರಿಕದ ಪಶ್ಚಿಮ ಪ್ರಾಂತಗಳಲ್ಲಿ ಅದು ರಕ್ತಪಾತದವರೆಗೂ ಹೋಯಿತು. ಅಲ್ಲಿಯ ಸರ್ಕಾರವು 1862ರಲ್ಲಿ, ಹೋಗಿ ನೆಲೆಸಿ ಬೇಸಾಯ ಮಾಡುವವನಿಗೆ 160 ಎಕರೆ ಭೂಮಿಯನ್ನು ಕೊಡುವ ಕಾಯಿದೆಯನ್ನು ಮಾಡಿತು. ಆದರೆ ಆ ಬಯಲುಗಳಲ್ಲಿ ಸಾವಿರಗಟ್ಟಲೆ ದನಗಳನ್ನು ಬೇಲಿಯಿಲ್ಲದೆ ಮೇಯಿಸುತ್ತಿದ್ದ ದೊಡ್ಡ ದೊಡ್ಡ ಪಶುಪಾಲಕರು ಸರ್ಕಾರದ ಆ ನೆಲವನ್ನೆಲ್ಲ ತಮ್ಮದೆಂದೇ ಎಣಿಸಿದ್ದರು. 1874ರಲ್ಲಿ ಗ್ಲಿಡನ್ ಎಂಬಾತನು ಮುಳ್ಳುತಂತಿಗೆ ಹಕ್ಕುಪತ್ರ ಪಡೆದ ಮೇಲೆ ಬೇಲಿಯೆಂಬುದು ಅಗ್ಗವಾಯಿತು. ಟೆಕ್ಸಾಸಿನಲ್ಲಿ 1883ರ ಸುಮಾರಿಗೆ ರಾತ್ರಿವೇಳೆ ತಂತಿ ಕತ್ತರಿಸುವವರ ಗುಂಪುಗಳೇ ಹುಟ್ಟಿಕೊಂಡು, ಮರುವರ್ಷ ಬೇಲಿ ಕತ್ತರಿಸುವುದನ್ನು ಘೋರಾಪರಾಧವೆಂದು ಶಾಸನ ಮಾಡಬೇಕಾಯಿತು. 1892ರ ಏಪ್ರಿಲಿನಲ್ಲಿ ವಯೋಮಿಂಗಿನ ಜಾನ್ಸನ್ ಕೌಂಟಿಯ ಮೇಲೆ ಅಲ್ಲಿನ ಪಶುಪಾಲಕರ ಸಂಘದವರು ಬಾಡಿಗೆಯ ಬಂದೂಕುಗಾರರನ್ನು ಕರೆದುಕೊಂಡು ದಂಡೆತ್ತಿ ಹೋದರು. ಸಣ್ಣ ಹಿಡುವಳಿದಾರರು ಅವರನ್ನು ಮುತ್ತಿ ಹಿಡಿದಾಗ ರಾಷ್ಟ್ರದ ಅಶ್ವದಳವು ಬಂದು ಆಕ್ರಮಣಕಾರರನ್ನೇ ಬಿಡಿಸಿಕೊಂಡು ಹೋಯಿತು, ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಚಲಚ್ಚಿತ್ರಗಳು ಈ ಕಥೆಯನ್ನು ವೀರಕಥೆಯನ್ನಾಗಿ ಮಾಡಿವೆ. ಅದರ ಒಳಗಿದ್ದ ಪ್ರಶ್ನೆಯಾದರೋ ಬಹು ಸರಳವಾದುದು: ಬೇಲಿಯ ಭಾರವನ್ನು ಹೊರಬೇಕಾದವನು ಪೈರಿಟ್ಟವನೋ, ದನ ಬಿಟ್ಟವನೋ? ಅಲ್ಲಿಯ ಪಶ್ಚಿಮ ಪ್ರಾಂತಗಳ ನ್ಯಾಯವು ಬಹುಕಾಲ ಪೈರಿಟ್ಟವನೇ ಹೊರಲಿ ಎಂದಿತು.

ನಮ್ಮ ಮಂಡ್ಯದ ಸೀಮೆಯಲ್ಲಿ ಈ ಪ್ರಶ್ನೆಯು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ರೂಪ ತಾಳಿತು. ಮೊದಲನೆಯ ರೂಪವನ್ನು ಕಾಣಬೇಕಾದರೆ ಪುಸ್ತಕ ಬೇಕಾಗಿಲ್ಲ. ನಾಗಮಂಗಲದಲ್ಲಾಗಲಿ ಪಾಂಡವಪುರದಲ್ಲಾಗಲಿ ಹಳ್ಳಿಯ ಹೊರವಲಯದಲ್ಲಿ, ಕೆರೆಯೇರಿಯ ಮೇಲೆ, ಅರ್ಧ ಹೂತು ನಿಂತ ವೀರಗಲ್ಲುಗಳ ಮುಂದೆ ಒಂದು ಗಳಿಗೆ ನಿಂತರೆ ಸಾಕು. ಇಂಥ ಕಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ವೀರನು ಕಾದುತ್ತಿರುತ್ತಾನೆ, ತುರುಗಾಳಗದ ಕಲ್ಲಾದರೆ ಅವನ ಬೆನ್ನಿಗೆ ದನಗಳ ಸಾಲಿರುತ್ತದೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಅವನು ಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ತುರುಗಳನ್ನು ಮರಳಿಸಿ ಸತ್ತವನೆಂಬ ಕೀರ್ತಿಗೆ ಆ ಕಾಲದಲ್ಲಿ ಸಮನಾದುದು ಸ್ವಲ್ಪವೇ ಇತ್ತು. ಮಹಾಭಾರತದ ಗೋಗ್ರಹಣವು ನಮ್ಮ ಜನರಿಗೆ ಅಷ್ಟು ಪ್ರಿಯವಾದುದಕ್ಕೆ, ವಿರಾಟನ ತುರುಗಳನ್ನು ಕೌರವರು ಹಿಡಿದ ಕಥೆಯನ್ನು ಕೇಳುವವರ ಮನೆಗಳಲ್ಲಿಯೇ ಅಂಥ ಸಾವುಗಳು ನಡೆದಿದ್ದುದು ಕಾರಣವಾಗಿದ್ದಿರಬೇಕೆಂದು ನಾನು ನಂಬುತ್ತೇನೆ.

ಈ ಕಾಳಗಗಳನ್ನು ರೈತನಿಗೂ ಗೊಲ್ಲನಿಗೂ ನಡೆದ ಕಾಳಗಗಳೆಂದು ಹೇಳುವುದು ಸರಿಯಾಗಲಾರದು. ಊರಿಗೂ ಊರಿಗೂ, ನಾಡಿಗೂ ನಾಡಿಗೂ ಆದ ಜಗಳಗಳವು. ನೇಗಿಲು ಹಿಡಿದವನೇ ದನ ಕಟ್ಟಿದವನೂ ಆಗಿದ್ದ ಸಮಾಜದಲ್ಲಿ ಈ ಇಬ್ಬರನ್ನು ಎರಡು ಪಾಳೆಯಗಳಾಗಿ ವಿಂಗಡಿಸುವುದು ಸುಲಭವಲ್ಲ. ಆದರೆ ಆ ಕಲ್ಲುಗಳ ಬರಹದಲ್ಲಿ ಮತ್ತೊಂದು ಸಂಗತಿಯಿದೆ. ತುರುಗಳಿಗಾಗಿ ಸತ್ತವನ ಮನೆಯವರಿಗೆ ಊರವರೋ ಅರಸನೋ ಭೂಮಿಯನ್ನು ಕೊಡುತ್ತಿದ್ದರು. ನೆತ್ತರುಕೊಡಗೆಯೆಂದು ಅದಕ್ಕೆ ಹೆಸರು. ಹಸುವಿಗಾಗಿ ಸುರಿದ ರಕ್ತಕ್ಕೆ ಪ್ರತಿಯಾಗಿ ಬಂದುದು ಹಸುವಲ್ಲ, ಗದ್ದೆ. ದನಗಳ ರಕ್ಷಣೆಯಲ್ಲಿ ಮಗನನ್ನು ಕಳೆದುಕೊಂಡ ಮನೆಯು ಅದರ ಫಲವಾಗಿ ಭೂಮಿಯುಳ್ಳ ಮನೆಯಾಗುತ್ತಿತ್ತು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಹುಲ್ಲಿನ ನಾಡು ಪೈರಿನ ನಾಡಾಗಿ ಪರಿಣಮಿಸಿದ ಬಗೆಗಳಲ್ಲಿ ಇದೂ ಒಂದು. ಇದಕ್ಕಿಂತ ಮನಸ್ಸನ್ನು ಕಲಕುವ ಬಗೆಯನ್ನು ನಾನರಿಯೆ.

ಎರಡನೆಯ ರೂಪವು ಶ್ರೀರಂಗಪಟ್ಟಣಕ್ಕೆ ಸಂಬಂಧಿಸಿದುದು. ವಿಜಯನಗರದ ಪ್ರತಿನಿಧಿಯು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದಾಗ ಹಳ್ಳಿಕಾರ್ ತಳಿಯ ಹಸುಗಳ ಒಂದು ಸಂಸ್ಥೆಯನ್ನು ಅಲ್ಲಿ ಇರಿಸಿದ್ದನು. ಕರುಹಟ್ಟಿಯೆಂದು ಅದನ್ನು ಕರೆಯುತ್ತಿದ್ದರು. ಪಟ್ಟಣದೊಡನೆ ಆ ಹಿಂಡೂ ಮೈಸೂರಿನ ಒಡೆಯರ ಕೈಗೆ ಬಂದಿತು. ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು, ಚಿಕ್ಕದೇವರಾಜ ಒಡೆಯರು ಒಬ್ಬರಾದ ಮೇಲೊಬ್ಬರು ಅದಕ್ಕೆ ಮೇವಿನ ನೆಲಗಳನ್ನು ಮೀಸಲಿಟ್ಟರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜರ ಕಾಲದಲ್ಲಿ ಅದು ಬೆಣ್ಣೆ ಚಾವಡಿಯೆಂಬ ಇಲಾಖೆಯಾಯಿತು. ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಅರಮನೆಗೆ ಹಾಲುಬೆಣ್ಣೆ ಒದಗಿಸುವುದಕ್ಕೆಂದು ಹುಟ್ಟಿದ ಸಂಸ್ಥೆಯು ಯುದ್ಧದ ತೋಪುಗಳನ್ನೆಳೆಯುವ ಎತ್ತುಗಳ ಆಕರವಾಯಿತು. ಚಿದಂಬರದ ನೆರವಿಗೆಂದು ಹೈದರಾಲಿಯು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವುಗಳ ಗುಣವನ್ನು ಕಣ್ಣಾರೆ ಕಂಡು ಮೆಚ್ಚಿದವನು, ಮುಂದೆ ವೆಲ್ಲಿಂಗ್ಟನ್ ಎಂಬ ಪದವಿಯನ್ನು ಪಡೆದ ಆರ್ಥರ್ ವೆಲ್ಲೆಸ್ಲಿ.

ಈ ಹಿಂಡುಗಳಿಗೆಂದು ಮೀಸಲಾದ ನೆಲಗಳೇ ಕಾವಲುಗಳು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಅವು ಮೂರು ಬಗೆ. ಕೆರೆಯಂಗಳವೂ ನೆರಳೂ ಇದ್ದಲ್ಲಿ ಬೇಸಿಗೆ, ಮಳೆ ಬಿದ್ದೊಡನೆ ಹುಲ್ಲು ಚಿಗುರುವಲ್ಲಿ ಮಳೆಗಾಲ. ಕೊಟ್ಟಿಗೆಯನ್ನೇ ಕಾಣದ, ಅರೆಕಾಡಾಗಿ ಬೆಳೆದ ಆ ದನಗಳು ಋತುವಿಗೆ ತಕ್ಕಂತೆ ಸೀಮೆಯಿಂದ ಸೀಮೆಗೆ ನಡೆಯುತ್ತಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಇಂಥ ಕಾವಲುಗಳ ವಿಸ್ತಾರವು ಸುಮಾರು 4 ಲಕ್ಷ ಎಕರೆಯಾಗಿತ್ತು. ಪಾಂಡವಪುರದ ಬೇಬಿ ಬೆಟ್ಟದ ಸುತ್ತಣ ನೆಲವು ಇಂಥದೊಂದು ಅಮೃತಮಹಲ್ ಕಾವಲು. ಆದುದರಿಂದ ನಮ್ಮಲ್ಲಿ ಅತಿ ದೊಡ್ಡ ಪಶುಪಾಲಕನು ಯಾರೆಂದರೆ ಅರಸನೇ. ಜಾನ್ಸನ್ ಕೌಂಟಿಯ ಸಣ್ಣ ರೈತನು ಎದುರಿಸಿದ್ದು ಧನಿಕರ ಸಂಘವನ್ನು. ಮೈಸೂರಿನ ರೈತನು ಎದುರಿಸಿದ್ದು ಸರ್ಕಾರದ ಇಲಾಖೆಯನ್ನು. ಕಾವಲಿನ ಅಂಚಿನಲ್ಲಿ ರಾಗಿ ಬಿತ್ತಿದವನ ಹೊಲಕ್ಕೆ ಸರ್ಕಾರದ ದನ ನುಗ್ಗಿದರೆ ಅವನು ಯಾರಿಗೆ ದೂರು ಹೇಳಬೇಕು? ಅವನದೇ ಹಸು ಬರಗಾಲದಲ್ಲಿ ಅಪ್ಪಣೆಯಿಲ್ಲದೆ ಕಾವಲಿಗೆ ಕಾಲಿಟ್ಟರೆ ಮಾತ್ರ ದಂಡ ತೆರಬೇಕಾದವನು ಅವನೇ. ಹೀಗಿದ್ದರೂ ಕಾವಲುಗಳು ಇದ್ದುದರಿಂದಲೇ ಆ ನೆಲದ ಹುಲ್ಲು ಉಳಿಯಿತು, ಹಳ್ಳಿಕಾರ್ ರಕ್ತದ ರಾಸುಗಳು ಉಳಿದವು, ರೈತನ ನೇಗಿಲಿಗೆ ಒಳ್ಳೆಯ ಎತ್ತು ದೊರೆಯಿತು ಎಂಬುದನ್ನೂ ಒಪ್ಪಬೇಕು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಈ ಸಂಸ್ಥೆಯನ್ನು ಮುಚ್ಚಿ ಹಿಂಡುಗಳನ್ನು ಮಾರಿದ ಸರ್ಕಾರವು ಕೆಲವೇ ವರ್ಷಗಳಲ್ಲಿ ತನ್ನ ತಪ್ಪನ್ನು ಅರಿತು 1866ರಲ್ಲಿ ಪುನಃ ಸ್ಥಾಪಿಸಬೇಕಾಯಿತು.

ಈಗ ಹಳ್ಳಿಯೊಳಗಿನ ವಿಷಯಕ್ಕೆ ಬರುತ್ತೇನೆ. ಅರಸನ ಕಾವಲೂ ಶಾಸನದ ಶಾಪವೂ ಇಲ್ಲದೆ, ಪಟೇಲ ಶಾನುಭೋಗರ ದಫ್ತರದ ಹೊರಗೆ, ನಮ್ಮ ಹಳ್ಳಿಗಳು ಈ ಜಗಳಕ್ಕೆ ತಮ್ಮದೇ ಆದ ಒಂದು ಪರಿಹಾರವನ್ನು ಕಂಡುಕೊಂಡಿದ್ದವು. ನೆಲವನ್ನು ಹಂಚಿಕೊಳ್ಳುವುದರ ಬದಲು ಅವು ಕಾಲವನ್ನು ಹಂಚಿಕೊಂಡವು. ಮುಂಗಾರಿನಲ್ಲಿ ಬಿತ್ತನೆಯಾದಂದಿನಿಂದ ರಾಗಿ ಕುಯ್ದು, ಅಕ್ಕಡಿಯ ಅವರೆ ಹುಚ್ಚೆಳ್ಳುಗಳನ್ನು ಬಿಡಿಸಿಕೊಳ್ಳುವವರೆಗೆ ಹೊಲವು ಉಳುವವನದು. ದನ ಕಾಯುವ ಹುಡುಗನು ಬದುವಿನ ಮೇಲೆ ಹಗ್ಗ ಹಿಡಿದು ನಿಲ್ಲಬೇಕು, ಗೋಮಾಳವನ್ನು ದಾಟಬಾರದು. ಸಂಕ್ರಾಂತಿಯಂದು ದನಗಳಿಗೆ ಮೈತೊಳೆದು, ಬಣ್ಣ ಹಚ್ಚಿ, ಕಿಚ್ಚು ಹಾಯಿಸಿದ ಮೇಲೆ ಕೂಳೆಯ ಹೊಲಗಳೆಲ್ಲ ಊರ ದನಗಳಿಗೆ ತೆರೆದ ಬಯಲು. ಯುಗಾದಿಯಾಗಿ ಹೊನ್ನಾರು ಹೂಡುವವರೆಗೆ ಯಾರ ದನ ಯಾರ ಹೊಲದಲ್ಲಿ ಮೇಯುತ್ತಿದೆಯೆಂದು ಕೇಳುವವರಿಲ್ಲ. ಆ ತಿಂಗಳುಗಳಲ್ಲಿ ಕುರುಬರು ಮಂದೆಯನ್ನು ಹೊಡೆದುಕೊಂಡು ಬಂದರೆ ರೈತನು ತಾನಾಗಿ ಕರೆದು, ತನ್ನ ಹೊಲದಲ್ಲಿ ಮಂದೆ ಹಾಕಿಸಿ, ಗೊಬ್ಬರಕ್ಕೆ ಪ್ರತಿಯಾಗಿ ಧಾನ್ಯ ಕೊಟ್ಟು ಕಳುಹಿಸುತ್ತಿದ್ದನು. ಈ ವ್ಯವಸ್ಥೆಯಲ್ಲಿ ಬೇಲಿಗೆ ಖರ್ಚಿರಲಿಲ್ಲ. ಕತ್ತಾಳೆಯೋ ಕಳ್ಳಿಯೋ ಇದ್ದರೆ ಸಾಕು, ಇಲ್ಲದಿದ್ದರೂ ಸಾಗುತ್ತಿತ್ತು.

ವ್ಯವಸ್ಥೆ ಮುರಿದಾಗ ದೊಡ್ಡಿ ಇದ್ದಿತು. ಪೈರು ಮೇಯ್ದ ದನವನ್ನು ದೊಡ್ಡಿಗೆ ಹೊಡೆಯುವುದೆಂದರೆ ಅದು ಬರಿಯ ದಂಡದ ಮಾತಲ್ಲ, ಎರಡು ಮನೆಗಳ ನಡುವೆ ವರ್ಷಗಟ್ಟಲೆ ಮಾತು ಬಿಡುವ ಸಂದರ್ಭ. ಬ್ರಿಟಿಷ್ ಇಂಡಿಯಾದ 1871ರ ಕಾಯಿದೆಯು ಈ ದಂಡವನ್ನು ಪ್ರಾಣಿಯಿಂದ ಪ್ರಾಣಿಗೆ ಎಣಿಸಿ ಗೊತ್ತುಮಾಡಿತು: ಆನೆಗೆ 2 ರೂಪಾಯಿ, ಎಮ್ಮೆಗೆ 8 ಆಣೆ, ಹಸುವಿಗೂ ಎತ್ತಿಗೂ 4 ಆಣೆ, ಕರುವಿಗೆ 2 ಆಣೆ, ಕುರಿಮೇಕೆಗಳಿಗೆ 1 ಆಣೆ. 1966ರಲ್ಲಿ ನಮ್ಮ ರಾಜ್ಯವು ತನ್ನದೇ ಆದ ಕಾಯಿದೆಯನ್ನು ಮಾಡಿಕೊಂಡಿತು. ಅಮೆರಿಕದ ಬಯಲಿನ ನ್ಯಾಯಕ್ಕೆ ದೊಡ್ಡಿಯ ಈ ನ್ಯಾಯವು ನೇರವಾಗಿ ವಿರುದ್ಧವಾದುದು. ಹೊಲಕ್ಕೆ ಬೇಲಿ ಹಾಕಿದ್ದೆಯಾ ಎಂದು 1871ರ ಕಾಯಿದೆಯು ಉಳುವವನನ್ನು ಕೇಳಲಿಲ್ಲ. ಪೈರನ್ನು ಕಾಪಾಡುವ ದೃಷ್ಟಿಯಿಂದ ಇದು ಯುಕ್ತವೆಂದೇ ನನ್ನ ಅಭಿಪ್ರಾಯ. ಆದರೆ ಮೇಯಲು ನೆಲವಿದ್ದೂ ಹೊಲಕ್ಕೆ ನುಗ್ಗಿದ ದನಕ್ಕೂ, ಮೇಯಲು ನೆಲವೇ ಇಲ್ಲದೆ ನುಗ್ಗಿದ ದನಕ್ಕೂ ಅದು ಒಂದೇ ದಂಡವನ್ನು ವಿಧಿಸಿತು.

ನೆಲವಿಲ್ಲದಾದದ್ದು ಹೇಗೆ? ಮಂಡ್ಯದ ಸೀಮೆಯಲ್ಲಿ ಇದರ ಉತ್ತರವು ನೀರಿನಲ್ಲಿದೆ. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಮೊದಲಾಯಿತು. ಹುಲಿಕೆರೆಯ ಸುರಂಗವನ್ನು ಕೊರೆದು, ಮೊದಲು ಇರ್ವಿನ್ ನಾಲೆಯೆಂದು, ಬಳಿಕ ವಿಶ್ವೇಶ್ವರಯ್ಯ ನಾಲೆಯೆಂದು ಪ್ರಸಿದ್ಧವಾದ ಕಾಲುವೆಯನ್ನು ಹರಿಸಿದರು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪನಿಯು ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಹೊಟ್ಟೆಗಿಲ್ಲದೆ ಗುಳೆ ಹೋಗುತ್ತಿದ್ದ ನಾಡು ಅನ್ನವಿಕ್ಕುವ ನಾಡಾಯಿತು. ಆ ಕಾಲುವೆಯ ಋಣವನ್ನು ಮರೆಯುವವನು ಕೃತಘ್ನನೇ ಸರಿ. ಕೃಷ್ಣರಾಜಪೇಟೆ ನಾಗಮಂಗಲಗಳ ಕಡೆಗೆ 1979ರಲ್ಲಿ ಪೂರ್ಣವಾದ ಗೊರೂರಿನ ಜಲಾಶಯದಿಂದ ಹೇಮಾವತಿಯ ಎಡದಂಡೆಯ ನಾಲೆಯು ಬಂದಿತು. ಆದರೆ ಕಾಲುವೆಯು ಗದ್ದೆಗೆ ನೀರನ್ನು ಮಾತ್ರ ತರಲಿಲ್ಲ, ಹೊಸದೊಂದು ಪಂಚಾಂಗವನ್ನೂ ತಂದಿತು. ಕಬ್ಬಿನ ಗದ್ದೆಗೆ ಸಂಕ್ರಾಂತಿಯೆಂಬುದಿಲ್ಲ. ಹನ್ನೆರಡು ತಿಂಗಳೂ ಅದು ನಿಂತ ಪೈರು. ಬತ್ತದ ಮೇಲೆ ಬತ್ತ ಬಂದಲ್ಲಿ ಕೂಳೆಯನ್ನು ಮೇಯಲು ಬಿಡುವಷ್ಟು ವ್ಯವಧಾನವಿಲ್ಲ. ಕಿಚ್ಚು ಹಾಯಿಸುವ ಹಬ್ಬವು ಉಳಿಯಿತು, ಕಿಚ್ಚು ಹಾಯ್ದ ದನಕ್ಕೆ ತೆರೆಯುತ್ತಿದ್ದ ಹೊಲವು ಉಳಿಯಲಿಲ್ಲ. ಯಾರೂ ಯಾರ ಮೇಲೂ ದಂಡೆತ್ತಿ ಹೋಗಲಿಲ್ಲ, ತಂತಿ ಕತ್ತರಿಸಲಿಲ್ಲ. ದನ ಕಾಯುವವನಿಗೆ ಸಲ್ಲುತ್ತಿದ್ದ ಮೂರು ತಿಂಗಳು ವರ್ಷದೊಳಗಿನಿಂದ ಕಾಣೆಯಾದವು. ನಮ್ಮ ಸೀಮೆಯಲ್ಲಿ ಹುಲ್ಲು ಪೈರುಗಳ ಹೋರಾಟವು ತೀರ್ಮಾನವಾದದ್ದು ಹೀಗೆ.

ಮಳೆಯನ್ನೇ ನಂಬಿದ ಊರುಗಳಲ್ಲಿ ಇದಕ್ಕೆ ಬೇರೊಂದು ಕಾರಣ ಒದಗಿತು. ಎರಡನೆಯ ಮಹಾಯುದ್ಧದ ಕಾಲದ ಆಹಾರಾಭಾವದಲ್ಲಿ ಹೆಚ್ಚು ಆಹಾರ ಬೆಳೆಯಿರೆಂಬ ಚಳವಳಿಯು ಆರಂಭವಾಗಿ, ಕಾವಲುಗಳೂ ಗೋಮಾಳಗಳೂ ಉಳುಮೆಗೆ ಬಿದ್ದವು. ದರಖಾಸ್ತಿನ ಮೂಲಕ ಹಾಗೆ ಭೂಮಿ ಪಡೆದವರಲ್ಲಿ ತಲೆತಲಾಂತರದಿಂದ ಒಂದು ಗುಂಟೆ ನೆಲವನ್ನೂ ಕಾಣದವರಿದ್ದರು, ಅಸ್ಪೃಶ್ಯತೆಯ ಶಾಪವನ್ನು ಹೊತ್ತವರಿದ್ದರು. ಹುಲ್ಲುಗಾವಲು ಹೋಯಿತೆಂದು ವ್ಯಥೆಪಡುವವರು ಈ ಸಂಗತಿಯನ್ನು ಎದುರಿಗಿಟ್ಟುಕೊಂಡೇ ವ್ಯಥೆಪಡಬೇಕು. ಊರಿನ ಒಳ್ಳೆಯ ಗದ್ದೆಯೆಲ್ಲ ಯಾರ ಕೈಯಲ್ಲಿತ್ತೋ ಅವರ ದನಗಳೇ ಗೋಮಾಳದಲ್ಲಿಯೂ ಹೆಚ್ಚಾಗಿ ಮೇಯುತ್ತಿದ್ದಾಗ, ಏನೂ ಇಲ್ಲದವನು ಗೋಮಾಳದ ಒಂದು ಮೂಲೆಯನ್ನು ಉತ್ತರೆ ಅವನನ್ನು ಒತ್ತುವರಿದಾರನೆನ್ನುವುದಕ್ಕೆ ನನ್ನ ನಾಲಗೆ ಏಳುವುದಿಲ್ಲ. ಅಂಥವರಿಗೆ ದೊರೆತ ಭೂಮಿಯು ಮತ್ತೆ ಉಳ್ಳವರ ಪಾಲಾಗದಿರಲೆಂದು 1978ರಲ್ಲಿ ಒಂದು ಕಾಯಿದೆಯೇ ಬೇಕಾಯಿತು.

ಹಾಗೆಂದು ಗೋಮಾಳವನ್ನೆಲ್ಲ ಹಂಚಿಬಿಡಬಹುದೆ? ನೂರು ರಾಸುಗಳಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ, ಉಚಿತ ಮೇವಿಗೆಂದು ಇರಬೇಕೆಂಬುದು 1966ರ ಭೂಕಂದಾಯ ನಿಯಮ. ಕೇಳುವುದಕ್ಕೆ ಇದು ನ್ಯಾಯವಾಗಿಯೇ ಇದೆ. ಆದರೆ ರಾಸುಗಳ ಸಂಖ್ಯೆ ಕಡಮೆಯಾದಂತೆ ಗೋಮಾಳವು ಹೆಚ್ಚುವರಿಯಾಗುತ್ತದೆ. ಹೆಚ್ಚುವರಿಯಾದುದನ್ನು ಮಂಜೂರು ಮಾಡಬಹುದು. ಮಂಜೂರಾದೊಡನೆ ಹುಲ್ಲು ಕಡಮೆಯಾಗಿ ಮತ್ತಷ್ಟು ರಾಸುಗಳು ಸಂತೆಗೆ ಹೋಗುತ್ತವೆ. ಬಗರ್‌ಹುಕುಂ ಸಾಗುವಳಿಯನ್ನು ಸಕ್ರಮಗೊಳಿಸುವುದಕ್ಕೆ ಫಾರಂ 50, ಫಾರಂ 53, ಫಾರಂ 57 ಎಂದು ಒಂದರ ಮೇಲೊಂದು ಅರ್ಜಿಗಳು ಬಂದವು. ದನ ಮೇಯಿಸುವವನು ತನ್ನ ಹಕ್ಕನ್ನು ಹೇಳಿಕೊಳ್ಳುವುದಕ್ಕೆ ಅವುಗಳಲ್ಲಿ ಒಂದು ಅಂಕಣವೂ ಇಲ್ಲ.

ಅಮೃತಮಹಲ್ ಕಾವಲುಗಳಲ್ಲಿ ಇಂದು ಹಿಂದಿನ ವಿಸ್ತಾರದ ಐದನೆಯ ಒಂದು ಪಾಲೂ ಉಳಿದಿಲ್ಲ. ಉಳಿದುದರಲ್ಲಿಯೂ ನೇಗಿಲಲ್ಲದ ಬೇರೆ ಹಕ್ಕುದಾರರು ಕಾಣಿಸಿಕೊಂಡಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ, ವರವು ಕಾವಲು, ಖುದಾಪುರ, ಉಳ್ಳಾರ್ತಿಗಳ ಸುಮಾರು 10,000 ಎಕರೆ ಹುಲ್ಲುಗಾವಲನ್ನು ಈ ಶತಮಾನದ ಮೊದಲ ದಶಕದ ಕೊನೆಯಿಂದೀಚೆಗೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನಗಳ ಸಂಸ್ಥೆಗಳಿಗೆ ಕೊಡಲಾಯಿತು. ಅಲ್ಲಿ ಎದ್ದ ಉದ್ದನೆಯ ಗೋಡೆಗಳ ಹೊರಗೆ ಕುರಿ ದನಗಳೊಡನೆ ನಿಂತ ಹಳ್ಳಿಗಳವರು ಹಸಿರು ನ್ಯಾಯಾಧಿಕರಣದವರೆಗೂ ಹೋದರು. ನಮ್ಮ ಬೇಬಿ ಬೆಟ್ಟದ ಕಾವಲಿನಲ್ಲಿ ಕಲ್ಲುಗಣಿಗಳು ಬಂದು, ಸ್ಫೋಟದಿಂದ ಕನ್ನಂಬಾಡಿ ಕಟ್ಟೆಗೆ ಕೇಡಾದೀತೆಂಬ ಭೀತಿಯು ಹುಟ್ಟಿದ ಮೇಲೆಯೇ ಆ ನೆಲವು ಸಾರ್ವಜನಿಕರ ಗಮನಕ್ಕೆ ಬಂದಿತು. ಅಲ್ಲಿಯ ಹುಲ್ಲು ಹೋದಾಗ ಯಾರೂ ಅಷ್ಟಾಗಿ ಮಾತನಾಡಲಿಲ್ಲ.

ಹೇಮಗಿರಿಯಲ್ಲಿ, ಹೇಮಾವತಿಯ ದಡದಲ್ಲಿ, ಇಂದಿಗೂ ದನಗಳ ಜಾತ್ರೆ ಸೇರುತ್ತದೆ; ಬೇಬಿ ಬೆಟ್ಟದಲ್ಲಿಯೂ ಸೇರುತ್ತದೆ. ಹಳ್ಳಿಕಾರ್ ಜೋಡಿಗಳನ್ನು ಕೊಂಬಿಗೆ ಕುಚ್ಚು ಕಟ್ಟಿ ತಂದು ನಿಲ್ಲಿಸುವ ರೈತರ ಅಭಿಮಾನವನ್ನು ನೋಡಿದವರು ಪಶುಪ್ರೀತಿಯು ನಮ್ಮ ಜನರಲ್ಲಿ ಕುಂದಿದೆಯೆಂದು ಹೇಳಲಾರರು. ಆದರೆ ಆ ಜೋಡಿಗಳಿಗೆ ಮೇವು ಬರುವುದು ಬಯಲಿನಿಂದಲ್ಲ. ಹುಲ್ಲಿನ ಮೆದೆಯಿಂದ, ಹಿಂಡಿಯ ಅಂಗಡಿಯಿಂದ, ಕಾಲುವೆಯ ಏರಿಯ ಮೇಲೆ ಕುಡುಗೋಲು ಹಿಡಿದು ಹುಲ್ಲು ಕುಯ್ಯುವ ಹೆಣ್ಣುಮಕ್ಕಳ ತಲೆಹೊರೆಯಿಂದ. ಹಿಂದೆ ಹಿಂಡು ನಡೆದು ಹೋಗಿ ಪಡೆಯುತ್ತಿದ್ದುದನ್ನು ಈಗ ಆ ಹೆಣ್ಣುಮಕ್ಕಳು ನಡೆದು ಹೋಗಿ ತರುತ್ತಾರೆ. ಸೀಮೆಹಸುವಿನ ಹಾಲು ಡೇರಿಗೆ ಹೋಗುವ ಪ್ರತಿಯೊಂದು ಮನೆಯಲ್ಲಿಯೂ ಈ ದುಡಿಮೆಯಿದೆ. ಯಾವ ಲೆಕ್ಕದ ಪುಸ್ತಕದಲ್ಲಿಯೂ ಅದು ಬರೆದಿಲ್ಲ.

ನಾನು ಕೇಳುವುದು ಕಾಲುವೆಯನ್ನು ಮುಚ್ಚಿರೆಂದಲ್ಲ, ಬಡವನ ದರಖಾಸ್ತಿನ ಭೂಮಿಯನ್ನು ಕಿತ್ತುಕೊಳ್ಳಿರೆಂದೂ ಅಲ್ಲ. ಪ್ರತಿಯೊಂದು ಊರಿನ ಗ್ರಾಮನಕ್ಷೆಯಲ್ಲಿಯೂ ಗೋಮಾಳದ ಸರ್ವೆ ನಂಬರುಗಳಿವೆ. ಗ್ರಾಮಸಭೆ ಸೇರಿದ ದಿನ ಆ ನಂಬರುಗಳನ್ನು ಗಟ್ಟಿಯಾಗಿ ಓದಿ, ಈಗ ಅಲ್ಲಿ ಏನಿದೆ, ಯಾರು ಉಳುತ್ತಿದ್ದಾರೆ, ಉಳುವವನಿಗೆ ಬೇರೆ ಭೂಮಿಯಿದೆಯೆ ಇಲ್ಲವೆ ಎಂಬುದನ್ನು ಎಲ್ಲರೆದುರಿಗೆ ಹೇಳಬೇಕು. ಬೇರೆ ಭೂಮಿಯುಳ್ಳವನು ಒತ್ತಿದ್ದನ್ನು ಹುಲ್ಲಿಗೆ ಬಿಡಿಸಬೇಕು. ಇಲ್ಲದವನದನ್ನು ಅವನಿಗೇ ಬಿಟ್ಟು, ಕುಯ್ಲಾದ ಮೇಲೆ ಆ ಹೊಲವು ಊರ ದನಗಳಿಗೆ ಮೊದಲಿನಂತೆ ತೆರೆಯುವುದೆಂದು ಅವನೊಡನೆ ಮಾತನಾಡಿ ಗೊತ್ತುಮಾಡಿಕೊಳ್ಳಬೇಕು. ಕಾಲುವೆಯ ಏರಿಯ ಹುಲ್ಲನ್ನು ಯಾವ ಯಾವ ಮನೆಯವರು ಯಾವ ಭಾಗದಲ್ಲಿ ಕುಯ್ಯಬಹುದೆಂಬುದನ್ನೂ ಅದೇ ಸಭೆಯಲ್ಲಿ ನಿಶ್ಚಯಿಸಬೇಕು. ಆ ಸಭೆಗೆ ಹುಲ್ಲು ಹೊರುವ ಹೆಣ್ಣುಮಕ್ಕಳನ್ನೂ, ಊರಿನಲ್ಲಿ ಇನ್ನೂ ದನ ಕಾಯುವವರು ಯಾರಾದರೂ ಉಳಿದಿದ್ದರೆ ಅವರನ್ನೂ, ಮೊದಲು ಕರೆದು ಕುಳ್ಳಿರಿಸಬೇಕು.